ಮೂರನೇ ಸಾಲಿನ ಹೊಲಿಗೆ

"ಕೈ ತೆಗೀರಿ! ತೆಗೀರಿ ಅಂದೆನಲ್ಲ!"

ಮೀರಿಮ್ ಎರಡೂ ಕೈಯಲ್ಲಿ ಮಾಸ್ಕನ್ನು ಹಿಡಿದು ಎಳೆದಳು. ಆ ಕಡೆ ಅವನೂ ಬಿಡಲಿಲ್ಲ. ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಉದ್ದವಾಗುತ್ತ ಹೋಗಿ, ಇನ್ನೇನು ಕಿತ್ತು ಬರುತ್ತದೆ ಅನ್ನುವಾಗ ಅವನೇ ಸಡಿಲ ಬಿಟ್ಟ. ಅವಳು ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ, ಪಕ್ಕದಂಗಡಿಯ ಕಂಬಳಿ ರಾಶಿಯ ಮೇಲೆ ಧೊಪ್ಪನೆ ಕೂತಳು. ಮಾಸ್ಕು ಮಾತ್ರ ಎದೆಗೆ ಅವಚಿಕೊಂಡೇ ಇತ್ತು.

"ಅಯ್ಯೋ, ನನ್ನ ಕಂಬಳಿ!" ಎಂದಳು ಆ ಅಂಗಡಿಯ ಮುದುಕಿ ತೊಕೊನ್ ಅಪಾ.

ತಿಲೆಕ್‌ನ ಬಲಗೈಯಲ್ಲಿ ಕುರಿಬಾಲದ ಕೊಬ್ಬಿನ ಬಿಳಿ ಉಂಡೆ ಹಾಗೇ ಉಳಿದಿತ್ತು. ಅವನು ಜೀನು, ಕಡಿವಾಣ ಹೊಲಿಯುವವನು. ತೊಕ್ಮೊಕ್‌ನ ಭಾನುವಾರದ ಸಂತೆಯಲ್ಲಿ, ಕುದುರೆಗಳನ್ನು ಕಟ್ಟುವ ಸಾಲಿನ ಕೊನೆಗೆ ಅವನ ಮರದ ಮೇಜು.

"ಇದಕ್ಕೆ ಕೊಬ್ಬು ಹಚ್ಚೋಕೆ ಹೊರಟಿದ್ರಲ್ಲ, ತಲೆ ನೆಟ್ಟಗಿದೆಯಾ ನಿಮಗೆ?"

"ಒಣಗಿ ಹೋಗಿತ್ತು, ಎಜೆ. ಒಣಗಿದ ಚರ್ಮಕ್ಕೆ ಕೊಬ್ಬು ಹಚ್ಚದೆ ಪೌಡರ್ ಹಚ್ಚೋದಾ?"

"ನಾನೇನೂ ನಿಮಗೆ ಅಕ್ಕ ಆಗಲ್ಲ. ನಿಮಗಿಂತ ಚಿಕ್ಕೋಳೇ."

"ಸರಿ, ಹಾಗಾದ್ರೆ ನಾನು ಬೈಕೆ. ಅಣ್ಣ ಅನ್ನಿಸಿಕೊಳ್ಳೋಕೆ ಏನೂ ಬೇಜಾರಿಲ್ಲ. ಈಗ ಹೇಳಮ್ಮ ತಂಗಿ, ನನ್ನ ಮಾಲನ್ನ ಯಾಕೆ ಕಿತ್ಕೊಂಡೆ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಇದು ಪೈಲಟ್‌ಗಳು ಹಾಕ್ಕೊಳ್ಳೋ ಆಕ್ಸಿಜನ್ ಮಾಸ್ಕು, ಬೈಕೆ. ಕುದುರೆ ಮೂತಿಗೆ ಕಟ್ಟೋದಲ್ಲ. ಶುದ್ಧ ಆಕ್ಸಿಜನ್‌ಗೆ ಕೊಬ್ಬು ತಗುಲಿದ್ರೆ ಬೆಂಕಿ ಹತ್ತುತ್ತೆ. ಮುಖದ ಮೇಲೇ ಹತ್ತುತ್ತೆ."

ತಿಲೆಕ್ ಕೊಳವೆಯ ತುದಿಯನ್ನು ಹುಡುಕಿದ. ಅದು ನೆಲದಲ್ಲಿ, ಕುದುರೆ ಲದ್ದಿಯಿಂದ ಒಂದು ಗೇಣು ಆಚೆ ಬಿದ್ದಿತ್ತು. "ಈಗ ಇದರೊಳಗೆ ಬರೋ ಗಾಳಿಗೆ ಬೆಂಕಿ ಹತ್ತಿದ್ರೆ," ಎಂದ ಗಂಭೀರವಾಗಿ, "ಇಡೀ ಸಂತೆ ಯಾವತ್ತೋ ಉರಿದು ಹೋಗ್ತಿತ್ತು."

ತೊಕೊನ್ ಅಪಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಮೀರಿಮ್ ನಗಲಿಲ್ಲ. ಅವಳು ಮಾಸ್ಕನ್ನು ಮಗುಚಿ, ಮೂಗಿನ ಮೇಲೆ ಕೂರುವ ಜಾಗದ ಮೆತ್ತನೆ ಚರ್ಮವನ್ನು ಬಿಡಿಸಿ ನೋಡುತ್ತಿದ್ದಳು. ಅಲ್ಲೇನೂ ಕಾಣಲಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಆ ಚರ್ಮವನ್ನು ಒದ್ದೆ ಮಾಡಿದಳು. ಒಂದು ಕ್ಷಣ, ಎರಡು ಕ್ಷಣ. ಒಳಗಿನಿಂದ ಯಾರೋ ಬರೆಯುತ್ತಿರುವ ಹಾಗೆ ನೇರಳೆ ಬಣ್ಣ ಮೇಲೆದ್ದು ಬಂತು.

27.

ಏಳರ ಸೊಂಟಕ್ಕೆ ಅಡ್ಡಗೆರೆ. ಆ ಗೆರೆಯ ಕೊನೆಗೆ ಒಂದು ಪುಟ್ಟ ಕೊಕ್ಕೆ. ನೀರು ತಾಗಿದರೆ ಮಾತ್ರ ಬಣ್ಣ ಬಿಡುವ ಆ ಹಳೇ ಪೆನ್ಸಿಲ್ಲಿನಿಂದ ಏಳನ್ನು ಹೀಗೆ ಬರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಅವನು ತೀರಿಕೊಂಡು ಆರು ವರ್ಷ.

ದನಗಳ ಕೂಗು, ಚೌಕಾಸಿ, ಯಾರದೋ ಲಾರಿಯ ಹಾರನ್, ಎಲ್ಲ ಒಂದು ಗೋಡೆಯಾಚೆ ಹೋದಂತಾಯಿತು ಮೀರಿಮ್‌ಗೆ. ಅವಳು ಎದ್ದು ನಿಂತು ಸ್ಕರ್ಟಿನ ಉಣ್ಣೆ ಕೊಡವಿದಳು.

"ಎಷ್ಟು?"

"ಮಾರಲ್ಲ."

"ಈಗ ತಾನೇ ಇದಕ್ಕೆ ಕೊಬ್ಬು ಹಚ್ಚಿ ಮಾರೋಕೆ ಹೊರಟಿದ್ರಿ!"

"ಆವಾಗ ಇದೇನು ಅಂತ ಗೊತ್ತಿರಲಿಲ್ಲ. ಹಳೇ ಚರ್ಮದ ಮೂಟೆಯಲ್ಲಿ ಬಂದಿತ್ತು. ಕೊಟ್ಟೋನಿಗೆ ಒಂದು ಕಡಿವಾಣ ಹೊಲಿದು ಕೊಟ್ಟೆ." ತಿಲೆಕ್ ಕೊಬ್ಬಿನುಂಡೆಯನ್ನು ಡಬ್ಬಿಗೆ ಹಾಕಿ ಕೈ ಒರೆಸಿಕೊಂಡ. "ಈಗ ನೀವು ಒಬ್ಬ ಮನುಷ್ಯನ ತಲೆಗೆ ಸೇರಿದ್ದು ಅಂತಿದ್ದೀರಿ. ತಲೆಗೆ ಸೇರಿದ್ದನ್ನ ನಮ್ಮಲ್ಲಿ ಯಾರು ದುಡ್ಡಿಗೆ ಮಾರ್ತಾರೆ? ಬದಲು ಕೊಡಿ. ತಲೆಗೆ ಸೇರಿದ್ದೇ ಏನಾದ್ರೂ."

ಮೀರಿಮ್ ತನ್ನ ತಲೆಯ ಕೆಂಪು ಉಣ್ಣೆ ಟೋಪಿಯನ್ನು ಕಿತ್ತು ಮೇಜಿನ ಮೇಲಿಟ್ಟಳು. ಮಾರ್ಚ್ ತಿಂಗಳ ಗಾಳಿಗೆ ಅವಳ ಕೂದಲು ಒಮ್ಮೆಲೇ ಎದ್ದಿತು.

ತಿಲೆಕ್ ಟೋಪಿಯನ್ನು ನೋಡಿದ. ಕೂದಲನ್ನು ನೋಡಿದ. ಆಮೇಲೆ, ಇನ್ನೇನು ಮಾಡಬೇಕೋ ತೋಚದವನ ಹಾಗೆ, ಟೋಪಿಯನ್ನು ಹಾಕಿಕೊಂಡ. ಅದು ಅವನ ಕಿವಿಯ ಅರ್ಧಕ್ಕೂ ಬರಲಿಲ್ಲ.

"ವ್ಯಾಪಾರ ಮುಗೀತು," ಎಂದಳು ಮೀರಿಮ್.

"ಮುಗೀಲಿಲ್ಲ. ಕೆನ್ನೆ ಪಟ್ಟಿ ಕಿತ್ತು ಹೋಗಿದೆ ನೋಡಿ. ಇದಿಲ್ಲದೆ ಯಾವ ಹೆಲ್ಮೆಟ್ಟಿಗೂ ನೇತು ಹಾಕೋಕಾಗಲ್ಲ. ಬಿಟ್ಟು ಹೋಗಿ, ಮುಂದಿನ ಭಾನುವಾರಕ್ಕೆ ಹೊಲಿದು ಇಡ್ತೀನಿ."

ಅವಳು ಪಟ್ಟಿಯನ್ನು ಬೆರಳಲ್ಲಿ ಸವರಿದಳು. ನಿಜ. ಒಂದು ತುದಿಯ ದಾರ ಪೂರ್ತಿ ಕೊಳೆತು, ಹದಿನಾಲ್ಕು ತೂತು ಖಾಲಿಯಾಗಿ ನಿಂತಿದ್ದವು. ಬೇರೆಯವರ ಕೈಗೆ ಅವಳು ತನ್ನ ಸಂಗ್ರಹದ ಒಂದು ಗುಂಡಿಯನ್ನೂ ಕೊಟ್ಟವಳಲ್ಲ. ಆದರೆ ಅವನ ಮೇಜಿನ ಮೇಲೆ ಅರ್ಧ ಹೊಲಿದ ಒಂದು ಜೀನಿತ್ತು. ಅದರ ಹೊಲಿಗೆ ಅಷ್ಟೂ ಒಂದೇ ಅಳತೆ, ಒಂದೇ ಓರೆ.

"ಹಳೇ ತೂತಲ್ಲೇ ಹೊಲೀಬೇಕು. ಹೊಸ ತೂತು ಒಂದೂ ಬೀಳಬಾರದು. ಕೊಬ್ಬು, ಎಣ್ಣೆ, ಮೇಣ ಯಾವುದೂ ಮುಟ್ಟಿಸಬಾರದು. ಹೊಲಿಯೋ ಮುಂಚೆ ಸೋಪಲ್ಲಿ ಕೈ ತೊಳ್ಕೊಳ್ಳಿ."

"ಹೊಲಿಯುವಾಗ ಉಸಿರಾಡಬಹುದಾ, ತಂಗಿ?"

"ಕಮ್ಮಿ," ಎಂದು ಹೇಳಿ ಅವಳು ಬರಿದಲೆಯಲ್ಲಿ ಹೊರಟಳು.

*

ಮನೆಯಲ್ಲಿ ಒಂದು ಇಡೀ ಗೋಡೆ ಅವಳದು. ಚರ್ಮದ ಹೆಲ್ಮೆಟ್ಟುಗಳು, ಗಟ್ಟಿ ಚಿಪ್ಪಿನವು, ಕಿವಿಬಟ್ಟಲು ಹರಿದವು. ಒಂದೊಂದರ ಕೆಳಗೂ ಒಂದು ಮೊಳೆ, ಮೊಳೆಗೆ ಒಂದು ಮಾಸ್ಕು. ನಲವತ್ತು ಜೊತೆ. ಎಡದ ಮೂಲೆಯಲ್ಲಿ ನಲವತ್ತೊಂದನೆಯದು ಒಂಟಿ: ಕಂದು ಚರ್ಮದ ಹೆಲ್ಮೆಟ್ಟು, ಹಣೆಯ ಒಳಗೆ ನೇರಳೆ ಬಣ್ಣದ 27, ಕೆಳಗೆ ಬರೀ ಮೊಳೆ.

ಅವಳ ಅಪ್ಪ ಬೊಲೋತ್ ಪೈಲಟ್ ಆಗಿರಲಿಲ್ಲ. ಊರಾಚೆಯ ವಿಮಾನಶಾಲೆಯಲ್ಲಿ ಹತ್ತೊಂಬತ್ತು ವರ್ಷ ಬೇರೆ ಹುಡುಗರ ಮುಖಕ್ಕೆ ಮಾಸ್ಕು ಕೂರಿಸುತ್ತಿದ್ದವನು. ಮೂಗಿನ ಎತ್ತರ, ಕೆನ್ನೆಯ ಹಳ್ಳ, ಗದ್ದದ ಓರೆ ಎಲ್ಲ ಅಳೆದು, ಎಲ್ಲೂ ಗಾಳಿ ಸೋರದಂತೆ ಪಟ್ಟಿ ಬಿಗಿದು, ಬೆನ್ನು ತಟ್ಟಿ ಕಳಿಸುತ್ತಿದ್ದ. ಗುಜರಿಗೆ ಹಾಕಿದ ತುಣುಕುಗಳಿಂದ ಒಂದು ಜೊತೆಯನ್ನು ತನ್ನ ಮುಖದ ಅಳತೆಗೂ ಮಾಡಿಕೊಂಡಿದ್ದ. ಎರಡು ಸೀಟಿನ ವಿಮಾನದಲ್ಲಿ ಒಂದು ಸಲ ಕರೆದುಕೊಂಡು ಹೋಗುವುದಾಗಿ ಒಬ್ಬ ತರಬೇತುದಾರ ಮಾತು ಕೊಟ್ಟಿದ್ದನಂತೆ, ಮುಂದಿನ ವಸಂತಕ್ಕೆ. ವಸಂತ ಬರುವಷ್ಟರಲ್ಲಿ ದೇಶ ಒಡೆದಿತ್ತು; ಆ ಹಳೇ ದೇಶವೂ ಶಾಲೆಯೂ ಎರಡೂ ಇರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಅಮ್ಮ ಅರ್ಧ ಮೂಟೆ ಹಿಟ್ಟಿಗೆ ಒಬ್ಬ ಲಾರಿ ಡ್ರೈವರಿಗೆ ಚಹಾ ಕಾಯಿಸುವ ಸಮೋವರ್ ಕೊಟ್ಟಳು. ಅವನು ಸಾಲದು ಅಂದ. ಕೈಗೆ ಸಿಕ್ಕ ಮಾಸ್ಕನ್ನೂ ಸೇರಿಸಿಕೊಟ್ಟಳು. ಅಪ್ಪ ಅದರ ಮೊಳೆಯನ್ನು ಮಾತ್ರ ಕೀಳಲಿಲ್ಲ. ಹನ್ನೊಂದು ವರ್ಷದ ಮೀರಿಮ್ ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು: ಅದನ್ನು ತಂದೇ ತರುತ್ತೇನೆ.

ಹಾಗೆ ಹುಡುಕುತ್ತ ಹೋದಲ್ಲೆಲ್ಲ ಸಿಕ್ಕಿದ್ದು ಬೇರೆಯವರ ಮಾಸ್ಕುಗಳು. ಸಿಕ್ಕಿದ ಮೇಲೆ ಬಿಟ್ಟು ಬರಲು ಮನಸ್ಸಾಗದೆ ತಂದು ತಂದು ನಲವತ್ತಾದವು. ಊರವರು ಅದನ್ನು ಹವ್ಯಾಸ ಅಂದರು, ಹುಚ್ಚು ಅಂದರು. ನಿಜವಾಗಿ ಅದು ಇಪ್ಪತ್ತೇಳು ಅಲ್ಲದವುಗಳ ಪಟ್ಟಿ, ಅಷ್ಟೇ.

"ನಾನು ಹೆಣೆದ ಟೋಪಿ ಎಲ್ಲೆ?" ಎಂದಳು ಅಮ್ಮ.

"ಬದಲು ಕೊಟ್ಟೆ. ಮಾಸ್ಕ್ ಸಿಕ್ತು ಅಮ್ಮಾ. ಅಪ್ಪಂದು."

ಅಮ್ಮ ಕೈಯಲ್ಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟಳು. ತುಂಬ ಹೊತ್ತು ಮೊಳೆಯನ್ನೇ ನೋಡಿದಳು. "ನಿನ್ನ ಹೊಟ್ಟೆಗೆ ಹಾಕಿದ್ದು ಕಣೆ ಅದನ್ನ," ಎಂದಳು ಕೊನೆಗೆ. ಆಮೇಲೆ ಕಣ್ಣೊರೆಸಿಕೊಂಡು, ಬೇರೆಯೇ ದನಿಯಲ್ಲಿ, "ಟೋಪಿ ತಗೊಂಡಿದ್ದು ಗಂಡಸಾ?"

"ಜೀನು ಹೊಲಿಯೋನು."

"ಅದನ್ನ ಕೇಳಲಿಲ್ಲ ನಾನು."

*

ಮುಂದಿನ ಭಾನುವಾರ ತಿಲೆಕ್ ಕೆಂಪು ಟೋಪಿಯಲ್ಲೇ ಕೂತಿದ್ದ. ಸಂತೆಯ ಗಂಡಸರು ಹಾದು ಹೋಗುವಾಗ ಒಬ್ಬೊಬ್ಬರೂ ಒಂದೊಂದು ಮಾತು ಎಸೆದು ಹೋಗುತ್ತಿದ್ದರು. ಅವನು ಎಲ್ಲರಿಗೂ ತಲೆಬಾಗಿ ವಂದಿಸುತ್ತಿದ್ದ.

"ಆಯ್ತಾ?" ಎಂದಳು ಮೀರಿಮ್, ನಿಂತೇ. "ಬೇಗ ಕೊಡಿ. ಇದೊಂದು ಮುಗಿದ್ರೆ ಸಂತೆಯಲ್ಲಿ ನನಗಿನ್ನೇನೂ ಕೆಲಸವಿಲ್ಲ."

ಮೇಜಿನ ಕೆಳಗಿನ ಬುಟ್ಟಿಗೆ ಹೊರಟಿದ್ದ ಅವನ ಕೈ ಅಲ್ಲೇ ನಿಂತಿತು.

"ಆಗಿಲ್ಲ," ಎಂದ. "ಸರಿಯಾದ ದಾರ ಸಿಗಲಿಲ್ಲ. ಕೂತ್ಕೊಳ್ಳಿ, ಚಹಾ ಕುಡೀರಿ."

ಅವಳು ಕೂತಳು. ಬಟ್ಟಲಿನ ಚಹಾ, ಬಿಸಿ ಬೊರ್ಸೊಕ್ಕು. ಕರಿದ ಹಿಟ್ಟಿನ ಆ ತುಂಡುಗಳನ್ನು ಮುಟ್ಟಿದ ಕೈಯನ್ನು ಅವನು ತಕ್ಷಣ ಸೋಪು ಹಾಕಿ ತೊಳೆದುಕೊಂಡದ್ದನ್ನು ಅವಳು ನೋಡಿಯೂ ನೋಡದಂತಿದ್ದಳು.

"ನೀವು ಏನು ಮಾಡ್ತೀರಿ, ಮಾಸ್ಕು ಕಿತ್ಕೊಳ್ಳೋದು ಬಿಟ್ಟು?"

"ಕನ್ನಡಕದ ಅಂಗಡಿ. ಮುಖ ಅಳೀತೀನಿ."

"ನನ್ನದು?"

ಅವಳು ಬಟ್ಟಲಿನ ಅಂಚಿನ ಮೇಲಿಂದ ಅವನನ್ನು ನೋಡಿದಳು. ಗ್ರಾಹಕರನ್ನು ನೋಡುವ ಹಾಗೆಯೇ ಶುರು ಮಾಡಿದ್ದು. ಮುಗಿಸಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. "ಕಣ್ಣುಗಳ ನಡುವೆ ಅರವತ್ತನಾಲ್ಕು ಮಿಲಿಮೀಟರ್. ಎಡಗಿವಿ ಸ್ವಲ್ಪ ಮೇಲಿದೆ. ಮೂಗು ಬಲಕ್ಕೆ ಎರಡು ಮಿಲಿಮೀಟರ್ ವಾಲಿದೆ."

"ಕೋಕ್‌ಬೊರು ಆಡುವಾಗ ಕುದುರೆ ಮೇಲಿಂದ ಬಿದ್ದೆ."

"ಯಾರು ಗೆದ್ರು?"

"ಮೂಗು ಬಿಟ್ಟು ಎಲ್ಲರೂ."

ಈ ಸಲ ಅವಳು ನಕ್ಕಳು. ತಡೆಯಲಾಗಲಿಲ್ಲ.

ಅವಳು ಹೋದ ಮೇಲೆ ತಿಲೆಕ್ ಬುಟ್ಟಿಯಿಂದ ಮಾಸ್ಕನ್ನು ತೆಗೆದದ್ದನ್ನು, ಚೊಕ್ಕವಾಗಿ ಹೊಲಿದು ಮುಗಿದಿದ್ದ ಪಟ್ಟಿಯನ್ನು ಹಿಡಿದು ಕೂತದ್ದನ್ನು ತೊಕೊನ್ ಅಪಾ ಒಬ್ಬಳೇ ನೋಡಿದಳು. ನೋಡಿ, ಕಂಬಳಿ ಮಡಚತೊಡಗಿದಳು.

*

ಮೂರನೇ ಭಾನುವಾರ ಪಟ್ಟಿ ಹೊಲಿದಿತ್ತು.

"ಅಳತೆ ನೋಡಬೇಕು," ಎಂದ ತಿಲೆಕ್. "ಹೆಲ್ಮೆಟ್ ತಂದಿದ್ದೀರಾ?"

ತಂದಿದ್ದಳು. ಬೆಳಿಗ್ಗೆ ಗೋಡೆಯಿಂದ ಇಳಿಸುವಾಗ ಯಾಕೆ ತರುತ್ತಿದ್ದೇನೆ ಅಂತ ತನ್ನನ್ನೇ ಕೇಳಿಕೊಂಡಿರಲಿಲ್ಲ. ಈಗಲೂ ಕೇಳಿಕೊಳ್ಳದೆ ಅದನ್ನು ತಲೆಗೆ ಹಾಕಿಕೊಂಡಳು. ಅಪ್ಪನ ಹೆಲ್ಮೆಟ್ಟಿನೊಳಗೆ ಸಂತೆಯ ಗದ್ದಲ ಅರ್ಧಕ್ಕಿಳಿಯಿತು. ತಿಲೆಕ್ ಮಾಸ್ಕನ್ನು ಅವಳ ಮುಖಕ್ಕೆ ಹಿಡಿದು, ಕೆನ್ನೆಯ ಪಟ್ಟಿಯನ್ನು ಕೊಂಡಿಗೆ ಸಿಕ್ಕಿಸಿದ.

ಈಗ ಅವಳಿಗೆ ಬಾಯಿ ಇರಲಿಲ್ಲ. ಬರೀ ಕಣ್ಣು.

"ಬಿಗಿಯಾಯ್ತಾ?"

ಕಣ್ಣು: ಇಲ್ಲ.

"ನೋವಾಗ್ತಿದೆಯಾ?"

ಇಲ್ಲ.

ಅವಳು ಉಸಿರು ಬಿಟ್ಟಾಗ ಗದ್ದದ ಬಳಿಯ ಪುಟ್ಟ ಕವಾಟ ತೆರೆದು ಮುಚ್ಚಿಕೊಂಡಿತು. ಟಪ್. ಇಪ್ಪತ್ತು ವರ್ಷದ ಮೇಲೂ ಕೆಲಸ ಮಾಡುತ್ತಿತ್ತು. ಟಪ್. ತಿಲೆಕ್ ಅದನ್ನು ಆಲಿಸಲು ಹತ್ತಿರ ಬಾಗಿದ. ಅವನ ಬೆರಳು ಪಟ್ಟಿಯ ಗುಂಟ ಕಿವಿಯ ತನಕ ಹೋಗಿ, ಕಿವಿಯ ಹತ್ತಿರ ಒಂದು ಕೂದಲೆಳೆಯನ್ನು ಹೆಲ್ಮೆಟ್ಟಿನೊಳಕ್ಕೆ ಸೇರಿಸಿತು. ಟಪ್ ಟಪ್. ಟಪ್ ಟಪ್ ಟಪ್.

ಮುಚ್ಚಿಡಲು ಆಗದ ಸದ್ದು ಅದು. ಅವನಿಗೂ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು. ಕಂಬಳಿಯ ಹಿಂದಿನಿಂದ ತೊಕೊನ್ ಅಪಾಳಿಗೂ ಕೇಳಿಸಿರಬೇಕು.

"ಏ ತಿಲೆಕ್, ಹುಡುಗಿ ತಲೆಗೆ ಏನೋ ಹಾಕ್ಬಿಟ್ಟೆಯಲ್ಲೋ! ಮದುಮಗಳ ತಲೆಗೆ ಹೊದಿಸೋ ಬಿಳಿ ವಸ್ತ್ರ ಇಲ್ಲದಿದ್ರೂ ನಡೆಯುತ್ತೆ ಬಿಡು. ಇನ್ನು ಅವಳು ನಿಮ್ಮ ಮನೆಯೋಳೇ."

ಮೀರಿಮ್ ಮಾಸ್ಕನ್ನು ಒಂದು ಕಡೆ ಸರಿಸಿ ಬಾಯಿ ಬಿಡಿಸಿಕೊಂಡಳು. "ಅವರು ಹಾಕಿಲ್ಲ ಅಪಾ. ನಾನೇ ಹಾಕ್ಕೊಂಡಿದ್ದು."

"ಅದು ಇನ್ನೂ ದೊಡ್ಡ ಸುದ್ದಿ," ಎಂದಳು ಮುದುಕಿ.

ತಿಲೆಕ್‌ನ ಕಿವಿ ಟೋಪಿಯ ಬಣ್ಣಕ್ಕೆ ಬಂದಿತ್ತು. ಮತ್ತೆ ಮಾಸ್ಕನ್ನು ಕೂರಿಸುತ್ತ, ಅವಳ ಕಣ್ಣನ್ನು ತಪ್ಪಿಸಿ ಹೇಳಿದ. "ಎರಡು ಮಿಲಿಮೀಟರ್ ಸಡಿಲ ಇದೆಯೇನೋ. ಅಲ್ವಾ? ಮತ್ತೆ ಬಿಚ್ಚಿ ಹೊಲೀಬೇಕಾಗುತ್ತೆ."

ಮೀರಿಮ್ ಒಳಗೇ ಅಳೆದಳು. ಮೂಗಿನ ಮೇಲೆ, ಕೆನ್ನೆಯ ಎರಡೂ ಕಡೆ, ಗದ್ದದ ಕೆಳಗೆ. ಅಪ್ಪನ ಮುಖಕ್ಕೆ ಮಾಡಿದ್ದು ಅವಳ ಮುಖಕ್ಕೆ ಅಚ್ಚೊತ್ತಿದ ಹಾಗೆ ಕೂತಿತ್ತು. ಎಲ್ಲೂ ಒಂದೆಳೆ ಗಾಳಿ ಸೋರುತ್ತಿರಲಿಲ್ಲ.

ಅವಳು ತಲೆಯಾಡಿಸಿದಳು. ಹೌದು, ಸಡಿಲ.

*

ನಾಲ್ಕನೇ ಭಾನುವಾರ ಅವನು ಮಾಸ್ಕನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಇನ್ನು ನೆಪ ಉಳಿದಿರಲಿಲ್ಲ. "ಸಿಕ್ತಲ್ಲ," ಎಂದ. "ಇನ್ನೇನು ಹುಡುಕ್ತೀರಿ?" ಅವಳು ಆ ಪ್ರಶ್ನೆಗೇ ಸಿಟ್ಟು ಮಾಡಿಕೊಂಡು ಬಸ್ಸು ಹತ್ತಿದಳು.

ಸೋಮವಾರ ಅಂಗಡಿಯಲ್ಲಿ ಗ್ರಾಹಕರಿಲ್ಲದ ಹೊತ್ತು ನೋಡಿ ಮಾಸ್ಕಿನ ಪಟ್ಟಿಯನ್ನು ದೊಡ್ಡ ಭೂತಗನ್ನಡಿಯ ಕೆಳಗೆ ಇಟ್ಟಳು. ಅವಳು ನಕಲಿ ಮಾಲನ್ನು ಹಿಡಿಯುವುದು ಹೀಗೆಯೇ. ದಾರ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ. ಚರ್ಮಕ್ಕೆ ಬಿದ್ದ ತೂತು ಮಾತ್ರ ಮತ್ತೆ ಕೂಡಿಕೊಳ್ಳುವುದಿಲ್ಲ.

ಹೊಲಿಗೆ ಸುಂದರವಾಗಿತ್ತು. ಹದಿನಾಲ್ಕು, ಸಮಸಮ. ಅದರ ಪಕ್ಕದಲ್ಲಿ, ತಿಕ್ಕಿ ಮುಚ್ಚಲು ನೋಡಿದ ಇನ್ನೊಂದು ಸಾಲು. ಅದೂ ಹದಿನಾಲ್ಕು. ಅದರಾಚೆ ಹಳೇ ಸಾಲು. ಅಲ್ಲಿ ತೂತಿನಿಂದ ತೂತಿಗೆ ಬಿರುಕು ಓಡಿತ್ತು.

ಮೂರು ಸಾಲು. ನಲವತ್ತೆರಡು ತೂತು.

ಅವಳು ಅಂಗಡಿಯ ಬಾಗಿಲಿಗೆ ಬೀಗ ಹಾಕಿದಳು.

ತಿಲೆಕ್‌ನ ಮನೆ ಕಾಲುವೆ ದಂಡೆಯ ಬೀದಿಯಲ್ಲಿತ್ತು. ಅವನು ಅಂಗಳದಲ್ಲಿ, ಹಬ್ಬದ ಕುದುರೆಗೆಂದು ಚಳಿಗಾಲವೆಲ್ಲ ಮಾಡಿದ್ದ ಬೆಳ್ಳಿ ಗುಬುಟಿನ ಜೀನನ್ನು ಒರೆಸುತ್ತಿದ್ದ. ಅವಳನ್ನು ಕಂಡು ಅರಳಿದ ಮುಖ ಅವಳ ಕೈಯಲ್ಲಿದ್ದ ಮಾಸ್ಕನ್ನೂ ಪಟ್ಟಿಯನ್ನೂ ಕಂಡು ಬಾಡಿತು.

"ಎಷ್ಟು ಸಲ ಬಿಚ್ಚಿದ್ರಿ?"

"ಎರಡು ಸಲ."

"ಯಾಕೆ?"

ಅವನು ಸುಳ್ಳು ಹುಡುಕಲಿಲ್ಲ. "ಮೊದಲನೇ ವಾರವೇ ಮುಗಿದಿತ್ತು. ಹಳೇ ತೂತಲ್ಲೇ ಹೊಲಿದಿದ್ದೆ, ನೀವು ಹೇಳಿದ ಹಾಗೆ. ಆಮೇಲೆ ನೀವು ಬಂದು, ಇದು ಮುಗಿದ್ರೆ ಸಂತೆಯಲ್ಲಿ ನನಗಿನ್ನೇನು ಕೆಲಸ ಅಂದ್ರಿ. ಆಗಿಲ್ಲ ಅಂದೆ. ಅಂದ ಮೇಲೆ ಬಿಚ್ಚದೆ ಹೇಗೆ ಇಡೋದು? ಬಿಚ್ಚುವಾಗ ಹಳೇ ತೂತು ಸೀಳ್ತು. ಕೊಬ್ಬು ಹಚ್ಚಿದ್ರೆ ಸೀಳ್ತಿರಲಿಲ್ಲ, ಆದ್ರೆ ನೀವು..."

"ಬೇಡ ಅಂದಿದ್ದೆ. ಅದಕ್ಕೆ ಹೊಸ ಸಾಲು ಚುಚ್ಚಿದ್ರಿ. ಹೊಸ ತೂತು ಬೀಳಬಾರದು ಅಂತಲೂ ಅಂದಿದ್ದೆ. ಅದು ನೆನಪಿರಲಿಲ್ಲವಾ?"

"ಇತ್ತು. ಒಂದೊಂದು ತೂತು ಚುಚ್ಚುವಾಗಲೂ ಇತ್ತು."

"ಇಪ್ಪತ್ತು ವರ್ಷ ಹುಡುಕಿದ್ದೀನಿ ಬೈಕೆ ನಾನು ಇದನ್ನ. ಇಪ್ಪತ್ತು ವರ್ಷ!" ಅವಳ ದನಿ ಒಡೆಯಿತು, ಒಡೆದದ್ದನ್ನು ತಕ್ಷಣ ಕೂಡಿಸಿಕೊಂಡಳು. "ಮತ್ತೆ ಬರ್ತೀಯಾ ಅಂತ ನನ್ನನ್ನ ಕೇಳಬಹುದಿತ್ತು. ಬಾಯಿ ಇದೆಯಲ್ಲ ನಿಮಗೆ. ಚರ್ಮಕ್ಕೆ ಯಾಕೆ ಚುಚ್ಚಿದ್ರಿ?"

ಅವನು ಒರೆಸುವ ಬಟ್ಟೆಯನ್ನು ಜೀನಿನ ಮೇಲಿಟ್ಟ.

"ಬಿಚ್ಚಿ ಇದನ್ನ. ಪಟ್ಟಿ ನೀವೇ ಇಟ್ಕೊಳ್ಳಿ. ಮಾಸ್ಕ್ ಕೊಡಿ."

ಅವನು ಬಿಚ್ಚಿದ. ಒಂದೊಂದೇ ಹೊಲಿಗೆ, ಅವಳ ಎದುರಿಗೇ. ಅವಳು ನಿಂತು ನೋಡಿದಳು. ಹದಿನಾಲ್ಕನೆಯದು ಬಿಚ್ಚಿದಾಗ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ.

ಮನೆಗೆ ಬಂದು ಮಾಸ್ಕನ್ನು ಮೊಳೆಗೆ ಸಿಕ್ಕಿಸಿದಳು. ಪಟ್ಟಿಯಿಲ್ಲದ ಮಾಸ್ಕು ಒಂದು ಕ್ಷಣ ನಿಂತು, ಮೆಲ್ಲನೆ ಜಾರಿ ಅವಳ ಕೈಗೇ ಬಿತ್ತು. ಮತ್ತೆ ಸಿಕ್ಕಿಸಿದಳು. ಮತ್ತೆ ಬಿತ್ತು. ಅಮ್ಮ ಹೊಸಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

*

ಎರಡು ಭಾನುವಾರ ಮೀರಿಮ್ ಸಂತೆಗೆ ಹೋಗಲಿಲ್ಲ. ಮೂರನೇ ವಾರ ತೊಕೊನ್ ಅಪಾ ಕನ್ನಡಕ ಬೇಕೆಂದು ಅಂಗಡಿಗೆ ಬಂದಳು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಕೊನೇ ಸಾಲಿನವರೆಗೂ ಗಡಗಡ ಓದಿದಳು.

"ಕಣ್ಣು ಚೆನ್ನಾಗಿದೆಯಲ್ಲ ಅಪಾ ನಿಮಗೆ. ಕನ್ನಡಕ ಯಾಕೆ?"

"ನನ್ನ ಕಣ್ಣು ಚೆನ್ನಾಗಿದೆ. ಕುರುಡಾಗಿರೋದು ನಿಂದು." ಮುದುಕಿ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು. "ಆ ಹುಡುಗ ಎರಡು ವಾರದಿಂದ ಅಂಗಡಿ ಹಾಕಿಲ್ಲ. ಬೆಳ್ಳಿ ಜೀನು ಹೊತ್ಕೊಂಡು ಅಲ್ಮಾಟಿಗೆ ಹೋಗಿದ್ದಾನಂತೆ."

"ಹಬ್ಬಕ್ಕೆ ಮಾಡಿದ್ದಲ್ವಾ ಅದು?"

"ಹಬ್ಬಕ್ಕೇ ಮಾಡಿದ್ದು. ಮೂರು ಜನ ಕೇಳಿದ್ರು, ಕೊಟ್ಟಿರಲಿಲ್ಲ." ಮುದುಕಿ ಅವಳ ಮುಖವನ್ನೇ ಓದುತ್ತಿದ್ದಳು, ಗೋಡೆಯ ಅಕ್ಷರ ಓದಿದಷ್ಟೇ ಸಲೀಸಾಗಿ. "ತಪ್ಪು ಮಾಡಿದ, ನಿಜ. ಬಿಚ್ಚಿದ್ದನ್ನ ನಾನೇ ನೋಡಿದೆ. ಆದ್ರೆ ನಾನು ಇನ್ನೊಂದನ್ನೂ ನೋಡಿದೆ ಕಣೆ. ಸಡಿಲ ಇದೆಯಾ ಅಂತ ಅವನು ಕೇಳಿದಾಗ ಯಾರೋ ತಲೆಯಾಡಿಸಿದ್ರು. ಸಡಿಲ ಇದ್ದಿದ್ರೆ ಆ ಟಪ್ ಟಪ್ ಅಷ್ಟು ಜೋರಾಗಿ ನನಗೆ ಹೇಗೆ ಕೇಳಿಸ್ತು?"

ಮೀರಿಮ್ ಕೈಯಲ್ಲಿದ್ದ ಮಸೂರವನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಅವನನ್ನ ಇನ್ನೂ ಬೈಕೆ ಅಂತೀಯಾ?"

"ಅನ್ನದೆ ಇನ್ನೇನು ಅನ್ನಲಿ?"

"ಅಣ್ಣನ್ನ ಯಾರೂ ಹಾಗೆ ನೋಡಲ್ಲ," ಎಂದು ಹೇಳಿ ತೊಕೊನ್ ಅಪಾ ಕನ್ನಡಕ ಕೊಳ್ಳದೆ ಹೊರಟಳು.

*

ಅವನು ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಕೆಂಡದಂಥ ಬಿಸಿಲು. ಬಾಗಿಲಲ್ಲಿ ನಿಂತವನ ತಲೆಯ ಮೇಲೆ ಕೆಂಪು ಉಣ್ಣೆ ಟೋಪಿ, ಹಣೆಯಿಂದ ಕಿವಿಯವರೆಗೂ ಬೆವರು.

"ಸೆಕೆ ಆಗ್ತಿಲ್ವಾ?" ಎಂದಳು ಮೀರಿಮ್. ಇಷ್ಟು ದಿನ ಹೇಳಬೇಕೆಂದು ಕೂಡಿಟ್ಟಿದ್ದ ಮಾತುಗಳಲ್ಲಿ ಇದು ಇರಲಿಲ್ಲ.

"ಬದಲಿಗೆ ತಗೊಂಡಿದ್ದು. ತೆಗೆದಿಡೋಕೆ ಧೈರ್ಯ ಬರಲಿಲ್ಲ." ಅವನು ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. "ಒಣ ಕಾಗದ. ಎಣ್ಣೆ ತಾಗಿಲ್ಲ. ಕೈಯನ್ನ ಮೂರು ಸಲ ಸೋಪಲ್ಲಿ ತೊಳೆದು ಬಂದಿದ್ದೀನಿ."

ಅವಳು ಬಿಡಿಸಿದಳು. ಒಳಗೆ ಒಂದು ಕೆನ್ನೆ ಪಟ್ಟಿ. ಕಾರ್ಖಾನೆಯಿಂದ ಬಂದ ಹಾಗೇ ಇತ್ತು: ಕೊಂಡಿಯ ಬಣ್ಣ ಸವೆದಿರಲಿಲ್ಲ, ಚರ್ಮದಲ್ಲಿ ಒಂದು ಗೀರೂ ಇರಲಿಲ್ಲ. ಹಿಂಬದಿಯಲ್ಲಿ ಸಣ್ಣ ತ್ರಿಕೋನದ ಮುದ್ರೆ, ಅದರೊಳಗೆ ಇಸವಿ. ಅಪ್ಪನ ಮಾಸ್ಕಿನ ರಬ್ಬರಿನ ಮೇಲಿದ್ದ ಅದೇ ಇಸವಿ. ಅವಳ ಕೈ ತಾನಾಗಿ ಭೂತಗನ್ನಡಿಯನ್ನು ಎಳೆದುಕೊಂಡಿತು. ಇಷ್ಟು ವರ್ಷದಲ್ಲಿ ಇಂಥದೊಂದನ್ನು ಅವಳು ಫೋಟೋದಲ್ಲಿ ಮಾತ್ರ ನೋಡಿದ್ದಳು.

"ಬೆಳ್ಳಿ ಜೀನು ಕೊಟ್ರಾ ಇದಕ್ಕೆ?"

"ಜೀನು ಇನ್ನೊಂದು ಮಾಡಬಹುದು." ಅವನು ಟೋಪಿಯನ್ನು ತೆಗೆದು, ಮಡಚಿ, ಪಟ್ಟಿಯ ಪಕ್ಕದಲ್ಲಿಟ್ಟ. ಕೂದಲು ಹಣೆಗೆ ಅಂಟಿತ್ತು. "ಇದೂ ನಿಮ್ಮದೇ. ನಾನು ಆಡಿದ ಮಾತು ಉಳಿಸಿಕೊಳ್ಳಲಿಲ್ಲ, ಹಾಗಾಗಿ ವ್ಯಾಪಾರ ಮುರೀತು. ಮಾಸ್ಕ್ ನಿಮ್ಮದು, ಟೋಪಿ ನಿಮ್ಮದು. ಈ ಪಟ್ಟಿ ಹಾಕಿದ್ರೆ ನಿಮ್ಮ ಜೊತೆ ಪೂರ್ತಿಯಾಗುತ್ತೆ. ಎರಡು ಕಡೆ ಸಿಕ್ಕಿಸಿದ್ರೆ ಆಯ್ತು, ಹೊಲಿಯೋದೇ ಬೇಕಿಲ್ಲ. ನನ್ನ ಕೈ ತಾಗಬೇಕಾಗಿಲ್ಲ."

ಅಷ್ಟು ಹೇಳಲು ಅಲ್ಮಾಟಿಯಿಂದ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದನೇನೋ. ಹೇಳಿ ಮುಗಿಸಿದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಮೀರಿಮ್ ಭೂತಗನ್ನಡಿಯನ್ನು ಪಕ್ಕಕ್ಕೆ ತಳ್ಳಿದಳು.

"ಹಳೇದೆಲ್ಲಿ?"

"ಯಾವುದು?"

"ನಲವತ್ತೆರಡು ತೂತಿಂದು."

ಅವನು ಎದೆಯ ಜೇಬಿಗೆ ಕೈ ಹಾಕಿ, ತೆಗೆಯಲೋ ಬೇಡವೋ ಎಂಬಂತೆ ತೆಗೆದ. ಪಟ್ಟಿ ಅವನ ಮೈಯ ಬಿಸಿಗೆ ಬೆಚ್ಚಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದಳು. ಮೂರು ಸಾಲು ಚುಕ್ಕಿ ಬೆಳಕು ಮೇಜಿನ ಮೇಲೆ ಬಿತ್ತು.

"ಮೊದಲನೇ ಸಾಲು ನಮ್ಮಪ್ಪಂದು," ಎಂದಳು. "ಎರಡನೇದು ನಿಮ್ಮದು. ನೀವು ಸುಳ್ಳು ಹೇಳಿದ್ರಿ."

"ಹೌದು."

"ಮೂರನೇದು ನಂದು."

ಅವನು ತಲೆಯೆತ್ತಿದ.

"ಆವತ್ತು ಮಾಸ್ಕು ಸರಿಯಾಗೇ ಕೂತಿತ್ತು. ಒಂದು ಕೂದಲಿನಷ್ಟೂ ಸಡಿಲ ಇರಲಿಲ್ಲ. ದಿನಾ ಮುಖ ಅಳೆಯೋಳು ನಾನು, ನನಗೆ ಗೊತ್ತಾಗಲ್ವಾ? ಗೊತ್ತಿದ್ದೂ ತಲೆಯಾಡಿಸಿದೆ." ಅವಳು ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ, ಬಾಯಿಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಇನ್ನೊಂದು ಭಾನುವಾರ ಬೇಕಾಗಿತ್ತು ನನಗೆ. ನಿಮ್ಮನ್ನ ಬೈದೆ. ನನ್ನ ಸಾಲನ್ನ ಎಣಿಸಲೇ ಇಲ್ಲ."

ಬೀದಿಯಲ್ಲಿ ಯಾವುದೋ ಬಸ್ಸು ನಿಂತು, ಜನರನ್ನು ಇಳಿಸಿ, ಹೊರಟು ಹೋಯಿತು.

"ಇದನ್ನ ಹೊಲಿದು ಕೊಡಿ," ಎಂದಳು.

"ಇದಾ? ಇದರಲ್ಲಿ ಇನ್ನೇನು ಉಳಿದಿದೆ? ಇನ್ನೊಂದು ಸಾಲು ಬಿದ್ರೆ ಆರು ತಿಂಗಳೂ ತಡೆಯಲ್ಲ. ಹರಿದು ಹೋಗುತ್ತೆ."

"ಹರಿದ ಮೇಲೆ?"

"ಮತ್ತೆ ಹೊಲೀಬೇಕು."

"ಆಮೇಲೆ?"

"ಮತ್ತೆ..." ಅವನು ಅಲ್ಲಿಗೆ ನಿಲ್ಲಿಸಿದ. ನಿಧಾನವಾಗಿ, ಎರಡು ಮಿಲಿಮೀಟರ್ ಬಲಕ್ಕೆ ವಾಲಿದ ಆ ಮೂಗಿನ ಎರಡೂ ಕಡೆ, ಅವನ ಮುಖ ಬದಲಾಗತೊಡಗಿತು.

ಮೀರಿಮ್ ಕೆಂಪು ಟೋಪಿಯನ್ನು ಮೇಜಿನ ಮೇಲೆ ಅವನ ಕಡೆಗೆ ದೂಡಿದಳು. "ಹಾಕ್ಕೊಳ್ಳಿ ತಿಲೆಕ್. ವ್ಯಾಪಾರ ಮುರಿದಿಲ್ಲ."

ಅವಳ ಬಾಯಲ್ಲಿ ಅವನ ಹೆಸರು ಮೊದಲ ಸಲ ಬಂದಿತ್ತು. ಅವನು ಟೋಪಿ ಎತ್ತಿಕೊಂಡ. ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದು ನಿಂತ. ಆಮೇಲೆ, ಚರ್ಮದ ಕೆಲಸದವನಲ್ಲವೇ, ಮನಸ್ಸು ತಡೆಯಲಿಲ್ಲ. ಇನ್ನೊಂದು ಕೈಯಲ್ಲಿ ಆ ಹೊಸ ಪಟ್ಟಿಯನ್ನು ಎತ್ತಿ, ಬಿಸಿಲಿಗೆ ತೋರಿಸಿ, ಅವಳತ್ತ ಚಾಚಿದ.

"ಆದ್ರೂ ಒಂದು ಸಲ ಸರಿಯಾಗಿ ನೋಡಿ ಮೀರಿಮ್. ಇಸವಿ ಕೂಡುತ್ತೆ, ಮುದ್ರೆ ಇದೆ, ಒಂದೂ ತೂತಿಲ್ಲ. ಇಂಥದ್ದು ಇನ್ನೊಂದು ನಿಮಗೆ ಈ ಜನ್ಮದಲ್ಲಿ ಸಿಗಲ್ಲ. ತಗೊಳ್ಳಿ."

"ಬೇಡ," ಎಂದಳು ಮೀರಿಮ್.